ಕುಲೆಗೊಂದು ಚಿಂತೆ ಕೊಡಿ

ನಾಳೆಯಿಂದ ಓಣಂ ರಜೆ. ಕೊನೆಯ ಪೀರಿಯಡ್.
ಆರಿಕ್ಕಾಡಿಯ ಈ ಶಾಲೆಯಲ್ಲಿ ಏಳನೇ ಕ್ಲಾಸೆಂದರೆ ಹನ್ನೊಂದು ಜನ,
ಹನ್ನೊಂದು ಜನವೂ ಬ್ಯಾಗು ಹೆಗಲಿಗೇರಿಸಿಯೇ ಕೂತಿದ್ದಾರೆ.
ಬೋರ್ಡಿನ ಮೇಲೆ ಬರೆದೆ:
ರಜೆಯ ಕತೆ. ಒಂದು ಪುಟ.
ಹೆದರಿಸಬೇಕು, ನಗಿಸಲೂಬೇಕು.

"ಒಟ್ಟಿಗೆಯಾ ಟೀಚರೇ?" ಸಿನಾನ್ ಕೇಳಿದ.
ಒಟ್ಟಿಗೇ. ಬಿಕ್ಕಳಿಕೆ ನಿಲ್ಲಿಸಲಿಕ್ಕೆ
ಯಾರೋ ಹಿಂದಿನಿಂದ ಬಂದು 'ಹೋ' ಎಂದ ಹಾಗೆ.

ಮೊದಲು 'ಭಯಂಕರ' ಎಂಬ ಪದ ಇಲ್ಲೇ ಬಿಟ್ಟುಹೋಗಿ,
ಈ ಮೇಜಿನ ಮೇಲೆ, ಡಸ್ಟರಿನ ಪಕ್ಕ.
'ಗಾಢಾಂಧಕಾರ'ವನ್ನೂ.
ಕತ್ತಲೆ ಬೇಕಿದ್ದರೆ ಕರೆಂಟು ಹೋಗಲಿ, ಸಾಕು.
ಮೆಟ್ಟಿಲ ಮೇಲೆ ಎಷ್ಟು ಜೋಡು ಚಪ್ಪಲಿ ಉಂಟು, ಹೇಳಿ.
ಒಳಗೆ ಎಷ್ಟು ಜನ ಇದ್ದಾರೆ, ಹೇಳಿ.
ಎರಡು ಲೆಕ್ಕ ತಾಳೆಯಾಗದಿರಲಿ.
ಅಷ್ಟೇ. ಉಳಿದದ್ದಕ್ಕೆ ಓದುವವನೇ ಹೆದರಿಕೊಳ್ಳುತ್ತಾನೆ.

ಇನ್ನು ನಗು. ಕುಲೆಗೊಂದು ಚಿಂತೆ ಕೊಡಿ,
ನಿಮ್ಮ ಮನೆಯಲ್ಲಿ ಇರುವಂಥದ್ದೇ:
ರೇಷನ್ ಕಾರ್ಡಿನಲ್ಲಿ ತಪ್ಪಾದ ಹೆಸರು,
ಗಲ್ಫಿನಿಂದ ಬಾರದ ಫೋನು,
ಹಲ್ಲುನೋವು.
ಹಲ್ಲುನೋವಿನ ಕುಲೆ ಕಚ್ಚುವುದು ಹೇಗೆ, ಯೋಚಿಸಿ.

ತೇಜಾಕ್ಷ ಕೈಯೆತ್ತಿದ: ಕುಲೆ ಯಾವ ಭಾಷೆ ಮಾತಾಡಬೇಕು?
ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು.
ತುಳು ಎಂದರು ನಾಲ್ವರು. ಬ್ಯಾರಿ ಎಂದರು ಮೂವರು.
ಕೊಂಕಣಿಯ ಕುಲೆ ಇಗರ್ಜಿಯ ಬಾವಿಯ ಹತ್ತಿರ ಉಂಟೆಂದು
ವಿಯೋಲಾ ಕ್ರಾಸ್ತಾ ದಾರಿ ಸಮೇತ ಹೇಳಿದಳು.
ಮಲಯಾಳವಾದರೆ ಅರ್ಜಿ ಕೊಡಲಿಕ್ಕೆ ಸುಲಭ, ಎಂದ ಸಿನಾನ್.
ಮತ್ತೆ ಕನ್ನಡ?
"ಕನ್ನಡ ಪರೀಕ್ಷೆಗೆ, ಟೀಚರೇ."

ಹತ್ತು ದಿನ ಕಳೆಯಿತು. ಹನ್ನೊಂದು ಪುಟ ಬಂದವು,
ಒಂದರ ಮೂಲೆಯಲ್ಲಿ ಪಾಯಸದ ಕಲೆ.

ತೇಜಾಕ್ಷನ ಬಲಿ ಚಕ್ರವರ್ತಿಗೆ ಪಾತಾಳದಲ್ಲಿ ವರ್ಷಕ್ಕೊಂದೇ ರಜೆ,
ನಮ್ಮೂರಿಗೆ ಮಾತ್ರ ಎರಡು ಸಲ ಬರಬೇಕು:
ಓಣಂಗೆ ಹೂವಿನ ಕಳಕ್ಕೆ, ದೀಪಾವಳಿಗೆ
ಗದ್ದೆಯ ಬದಿಯಲ್ಲಿ ಮೂರು ಸಲ 'ಕೂ' ಎಂದು ಕರೆದಾಗ.
ಎರಡನೇ ಸಲಕ್ಕೆ ಮೆಡಿಕಲ್ ಲೀವು.
ಕಾರಣ: ತಲೆನೋವು. ಹಳೆಯದು. ತುಳಿತದಿಂದ ಆದದ್ದು.

ಸಿನಾನನ ಕುಲೆ ಆರು ಪಥದ ಹೈವೇ ದಾಟಲಾರದೆ
ಮೂರು ವರ್ಷದಿಂದ ಕೋಟೆಯ ಬದಿಯಲ್ಲೇ ನಿಂತಿದೆ,
ಹೆದರಬೇಕಾದವರೆಲ್ಲ ಈಚೆ ಬದಿಯಲ್ಲಿ.

ಶಮ್ನಾಳದು ಅರ್ಧ ಪುಟ.

"ನಮ್ಮ ಶಾಲೆಯಲ್ಲಿ ಒಂದು ಕುಲೆ ಉಂಟು.
ಜೂನಿನ ಆರನೇ ದಿನ ಮಕ್ಕಳ ತಲೆ ಎಣಿಸುತ್ತಾರೆ.
ಒಂದು ಕಡಿಮೆ ಬಿದ್ದರೆ ಅದು ಹಿಂದಿನ ಬೆಂಚಿನಲ್ಲಿ ಕೂತು
ಹಾಜರ್ ಎನ್ನುತ್ತದೆ.
ರಜೆಯಲ್ಲಿ ಒಬ್ಬನೇ ಕೂತು ಹಾಜರ್ ಹಾಜರ್ ಎಂದು
ಅಬ್ಯಾಸ ಮಾಡುತ್ತದೆ.
ಕುಲೆಯ ಪಾದ ಹಿಂದುಮುಂದು. ಆದ್ದರಿಂದ ಅದು ಶಾಲೆಗೆ ಬಂದರೆ
ಹೊಯಿಗೆಯಲ್ಲಿ ಶಾಲೆ ಬಿಟ್ಟು ಹೋದ ಹಾಗೆ ಕಾಣುತ್ತದೆ.
ಯಾರೂ ನಂಬುವುದಿಲ್ಲ."

'ಅಭ್ಯಾಸ' ಎಂದು ತಿದ್ದಿದೆ ಕೆಂಪು ಪೆನ್ನಿನಲ್ಲಿ.
ನಗು ಎಲ್ಲಿ ಎಂದು ಬರೆಯಹೊರಟೆ,
ಅಷ್ಟರಲ್ಲಿ ನಕ್ಕಾಗಿತ್ತು.
ಹೆದರಿಕೆ ಎಲ್ಲಿ ಎಂದು ಕೇಳಲಿಲ್ಲ.

ಸಂಜೆ ಬೀಗ ಹಾಕುವಾಗ
ಇಂಗ್ಲಿಷ್ ಮೀಡಿಯಮ್ಮಿನ ಹಳದಿ ವ್ಯಾನು ಹಾರನ್ ಹೊಡೆದು ಹೋಯಿತು.
ಕಳೆದ ವರ್ಷ ನನ್ನ ಎರಡನೇ ಬೆಂಚಿನಲ್ಲಿದ್ದ ಇಬ್ಬರು
ಕಿಟಕಿಯಿಂದ ಕೈ ಬೀಸಿದರು.
ಅಂಗಳದ ಹೊಯಿಗೆ ತುಂಬ ಹೆಜ್ಜೆಗಳು,
ಎಲ್ಲವೂ ಗೇಟಿನ ಕಡೆಗೆ.

ನಿಂತು ಎಣಿಸಿದೆ.
ಬಂದವರೆಂದೇ ಎಣಿಸಿದೆ.