ಪರೀಕ್ಷಾ ಖರೀದಿ

ಬಾರ್ನ್ಸ್‌ಲಿ, ಶನಿವಾರ, ಮೂರೂಕಾಲು.
ಕಾರಿನ ಗಾಜು ನಮ್ಮ ಉಸಿರಿಗೇ ಮಸುಕು.
ಹಿಂದಿನ ಸೀಟಿನಲ್ಲಿ ಬ್ರಯನಿ,
ಹದಿನೈದು ವರ್ಷ, ನಾಲ್ಕು ತಿಂಗಳು.
ಕಡತದಲ್ಲಿ ಅವಳ ಇವತ್ತಿನ ಫೋಟೋ, ಅಮ್ಮನ ಸಹಿ;
ಕೈಯಲ್ಲಿ ನಾನು ಕೊಟ್ಟ ಇಪ್ಪತ್ತು ಪೌಂಡಿನ ನೋಟು,
ಅದರ ನಂಬರು ನನ್ನ ಡೈರಿಯಲ್ಲಿ.

ಇನ್ನೊಮ್ಮೆ ಹೇಳುತ್ತೇನೆ ಕೇಳು:
ತುಟಿಗೆ ಬಣ್ಣ ಬೇಡ, ಕೂದಲು ಇದ್ದ ಹಾಗೇ ಇರಲಿ.
ವಯಸ್ಸು ಕೇಳಿದರೆ ನಿಜ ಹೇಳು.
ಕೇಳದಿದ್ದರೆ?
ಸುಮ್ಮನೆ ನಿಂತಿರು.
ನಮ್ಮ ಇಲಾಖೆಯಲ್ಲಿ ಗಾಳಕ್ಕೆ ಸಿಕ್ಕಿಸುವುದೂ ಸತ್ಯವನ್ನೇ.

ಮೊದಲ ಅಂಗಡಿ, ಮುದುಕ ಓಲ್ಡ್‌ರಾಯ್ಡನದು.
ಎರಡೇ ನಿಮಿಷಕ್ಕೆ ಹೊರಬಿದ್ದಳು,
ಬರಿಗೈ, ಕಿವಿವರೆಗೂ ನಗು.
'ಬೈದ! ಯಾರ ಮಗಳೇ ನೀನು,
ಶ್ವಾಸಕೋಶಕ್ಕೂ ಸ್ಪೇರ್ ಪಾರ್ಟು ಸಿಗುತ್ತಾ ಅಂದ.
ಪುದೀನಾ ಪೆಪ್ಪರ್ಮಿಂಟೊಂದು ಕೈಗಿಟ್ಟು
ಬಾಗಿಲು ತೋರಿಸಿದ.'
ಕೆನ್ನೆ ಉಬ್ಬಿ ಮಾತು ತೊದಲುತ್ತಿತ್ತು.
ಬೈಸಿಕೊಂಡು ಇಷ್ಟು ಹಿಗ್ಗಿದವರನ್ನು
ಇಷ್ಟು ವರ್ಷದ ನೌಕರಿಯಲ್ಲಿ ಕಂಡಿಲ್ಲ.

ಎರಡನೆಯದು, ಚರ್ಚಿನ ಮಗ್ಗುಲಲ್ಲಿ.
ಗೋಡೆಯ ಮೇಲೆ ನಮ್ಮದೇ ಪೋಸ್ಟರು,
ಹಲ್ಲು ಬೆಳ್ಳಗಿನ ಹುಡುಗ: 'ಮೊದಲನೆಯದೇ ಬೇಡ.'
ಅವನ ಕಣ್ಣೆದುರೇ ಬೀರುವಿನ ಬಾಗಿಲು ಸರಿಯಿತಂತೆ,
ಒಳಗೆಲ್ಲ ಒಂದೇ ಬಣ್ಣ,
ಕೊಳೆತ ಸೊಪ್ಪಿನ ಹಸಿರು.
ಅಂಗಡಿಯಾಕೆ ತಲೆ ಎತ್ತಲಿಲ್ಲ.
ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿ
ಮಗಳಿಗೆ ಹೇಳುತ್ತಿದ್ದಳಂತೆ,
'ಸೂಪು ಬಿಸಿ ಮಾಡಿಕೋ ಚಿನ್ನ,
ಯಾರಾದರೂ ಬಂದರೆ ಬಾಗಿಲು ತೆಗೀಬೇಡ.'
ಚಿಲ್ಲರೆ ಮಾತ್ರ ಎರಡು ಸಲ ಎಣಿಸಿದಳು.

ಸತ್ತ ಗುಬ್ಬಿಯನ್ನು ಹಿಡಿದ ಹಾಗೆ
ಪೊಟ್ಟಣ ಹಿಡಿದು ಬಂದಳು ಬ್ರಯನಿ.
ಚೀಲ, ಮೊಹರು, ಸಮಯ, ಸಹಿ.
ಬಿಟ್ಟು ಇಪ್ಪತ್ತೆರಡು ವರ್ಷವಾಯಿತು,
ಆದರೂ ಆ ಗಾಜುಹಾಳೆ ಚರಕ್ ಅಂದರೆ
ನನ್ನ ಹೆಬ್ಬೆರಳು ತಾನಾಗಿ ಚುರುಕಾಗುತ್ತದೆ.
ಹದಿಮೂರಕ್ಕೆ ನನಗೆ ಬಿಡಿಯಾಗಿ ಎರಡು ಮಾರಿದವನು
ಒಳ್ಳೆಯ ಮನುಷ್ಯ,
ಕಡ್ಡಿಪೆಟ್ಟಿಗೆಗೆ ಕಾಸು ತೆಗೆದುಕೊಳ್ಳಲಿಲ್ಲ.

'ಆಂಟಿಗೆ ಏನು ಮಾಡ್ತೀರಿ?'
ದಂಡ ಬೀಳಬಹುದು, ಎಂದೆ.
'ಅವಳ ಮಗಳಿಗೆ ಎಷ್ಟು ವಯಸ್ಸೋ.'
ಅದು ನನ್ನ ಫಾರಮಿನಲ್ಲಿ ಇಲ್ಲದ ಪ್ರಶ್ನೆ.

ವೈಪರು ಒಂದು ಸಲ ಹಾಯಿತು.
ಪಟ್ಟಿಯಲ್ಲಿ ಇನ್ನೂ ನಾಲ್ಕು ಅಂಗಡಿ.
'ಮುಗಿದ ಮೇಲೆ
ಆ ಅಜ್ಜನ ಹತ್ತಿರ ಇನ್ನೊಂದು ಸಲ ಹೋಗಲಾ?'
ಪರೀಕ್ಷೆ ಅಲ್ಲಿ ಆಯಿತಲ್ಲ.
'ಪರೀಕ್ಷೆಗಲ್ಲ,'
ಕಿಟಕಿಯ ಕಡೆ ತಿರುಗಿ ಅಂದಳು,
'ಸುಮ್ಮನೆ. ಬೈಸಿಕೊಳ್ಳೋಕೆ.'