ನಾಲೆ ಏರಿ, ಬಲಮಗ್ಗುಲು

ರಸ್ತೆಯಲ್ಲಿ ಎಡಕ್ಕೆ ನಡೆ ಎಂದು ಶಾಲೆ ಕಲಿಸಿತ್ತು,
ತಲೆ ತಗ್ಗಿಸಿ ನಡೆ ಎಂದು ಅಜ್ಜಿ.
ಡ್ರಿಲ್ ಮೇಡಂ ಚಿಕ್ಕತಾಯಮ್ಮ
ಎರಡನ್ನೂ ಒಂದೇ ಬೆಳಿಗ್ಗೆ ಅಳಿಸಿಬಿಟ್ಟರು:
"ಬಲಗಡೀಕೆ ಓಡು ಕಣವ್ವ, ತಲೆ ಎತ್ಕೊಂಡು.
ಬರೋದು ಎದುರ್ಗೇ ಬರ್ಲಿ.
ಬೆನ್ಗೆ ಕಣ್ಣಿಲ್ಲ ನಿಂಗೆ."

ಐದೂಕಾಲಿಗೆ ಸೇತುವೆ ಕಟ್ಟೆಯ ಮೇಲೆ ಕಾಲಿಟ್ಟು
ಲೇಸಿಗೆ ಎರಡು ಗಂಟು.
ವಿ.ಸಿ. ನಾಲೆ ತುಂಬಿದೆ, ಸದ್ದೇ ಇಲ್ಲ.
ಅಷ್ಟು ನೀರು ಬಾಯಿ ಮುಚ್ಚಿಕೊಂಡು ಹೋಗುವಾಗ
ಪಕ್ಕದಲ್ಲಿ ಓಡುವವಳು
ಕಿವಿಗೆ ಹಾಡು ತುರುಕಿಕೊಳ್ಳಬಾರದು.
ಹೋಗುತ್ತಾ ಬಲಕ್ಕೆ ನೀರು,
ಬರುತ್ತಾ ಬಲಕ್ಕೆ ಕಬ್ಬು.
ನೀರಿನ ಭಯ ತಣ್ಣಗಿರುತ್ತದೆ, ಅಲ್ಲಾಡುವುದಿಲ್ಲ.
ಕಬ್ಬಿನದು ಗರಿ ಗರಿ ಸವರಿಕೊಂಡು ಜೊತೆಗೇ ಓಡುತ್ತದೆ.

ಒಂಟಿ ದೀಪ ಬಂದರೆ ಬೈಕು ಅಂದುಕೊಳ್ಳಬೇಡ.
ಅದು ಟ್ರಾಕ್ಟರಿನ ಅರ್ಧ;
ಇನ್ನರ್ಧ ಎಲ್ಲಿದೆಯೋ ದಾಟಿಹೋದ ಮೇಲೇ ತಿಳಿಯುವುದು.
ಅದರ ಹಿಂದೆ ಎರಡು ಗಾಡಿ,
ಗಾಡಿ ಮೀರಿ ಚಾಚಿದ ಕಬ್ಬು.
ಯೋಗಾನಂದ ಮಿಲಿಟರಿ ಸೇರಲು ಓಡುತ್ತಿದ್ದವನು,
ಎಡಕ್ಕೆ, ಕಿವಿ ತುಂಬ ಹಾಡು.
ಒಂದೇ ಒಂದು ಜಲ್ಲೆ ಭುಜ ಮುಟ್ಟಿತ್ತು.
ಈಗ ಮೋರಿ ಮೇಲೆ ಕೂತು ನನಗೆ ಟೈಮು ಹಿಡಿಯುತ್ತಾನೆ
ಬಲಗೈಯಲ್ಲಿ.
"ಇನ್ನೂ ಆರು ಸೆಕೆಂಡು ಇಳೀಬೇಕು" ಅನ್ನುತ್ತಾನೆ.
ಎಡಗೈ ತೊಡೆಯ ಮೇಲೆ, ಇಟ್ಟಲ್ಲೇ ಇರುತ್ತದೆ.

ಅವನೇ ಕೊಟ್ಟದ್ದು ಈ ಹೊಳೆಯುವ ಪಟ್ಟಿ,
ಗಾಡಿಗಳ ಹಿಂದೆ ಅಂಟಿಸುವ ಕೆಂಪು-ಬಿಳಿಯದು.
ಅವ್ವ ಅದನ್ನು ನನ್ನ ಟೀಶರ್ಟಿಗೆ ಹೊಲಿದಳು,
ಹೊಲಿಯುತ್ತಾ ನಕ್ಕಳು:
"ನೀನೇನ್ ಮಗ ಲಾರಿಯಾ?"

ಕಬ್ಬಿನ ಬದುವಿನಲ್ಲಿ ಅರಣ್ಯ ಇಲಾಖೆಯ ಬೋರ್ಡು:
ಚಿರತೆ ಇದೆ, ಎಚ್ಚರ.
ಚಿರತೆಗಾದರೆ ಬೋರ್ಡು ಹಾಕುತ್ತಾರೆ.
ಮೂರು ದಿನ, ದೀಪ ಆರಿಸಿದ ಬೈಕು.
ಎದುರಿಗೇ ಬಂತು, ಮೇಡಂ ಹೇಳಿದ ಹಾಗೆ.
ದಾಟಿತು.
ತಿರುಗಿ ಬೆನ್ನಿಗೆ ಬಂತು.
ಇದಕ್ಕೆ ಎಡವೂ ಇಲ್ಲ ಬಲವೂ ಇಲ್ಲ.
ನಂಬರು ಓದಿಕೊಂಡೆ. ಉಸಿರು ಎಳೆದು ಏಳು ಮೂರು,
ಬಿಟ್ಟು ಸೊನ್ನೆ ಒಂಬತ್ತು,
ಎಳೆದು ಏಳು ಮೂರು.
ಓಡಿದ್ದು ಮನೆಯ ಕಡೆಗಲ್ಲ,
ಹಾಲಿನ ಡೇರಿಯ ಬಲ್ಬು ಕಂಡ ಕಡೆಗೆ.

ಕ್ಯಾನು ಹಿಡಿದ ಹೆಂಗಸರ ಸಾಲಿನಲ್ಲಿ
ಬರಿಗೈಯಲ್ಲಿ ನಿಂತುಬಿಟ್ಟೆ.
ಮುಂದಿದ್ದ ಕೆಂಪಾಜಮ್ಮ ತಿರುಗಿ ನೋಡಿದಳು,
ನನ್ನನ್ನು, ಆಮೇಲೆ ಕತ್ತಲನ್ನು.
ಏನೂ ಕೇಳಲಿಲ್ಲ.
ತನ್ನ ಕ್ಯಾನು ನನ್ನ ಕೈಗೆ ಕೊಟ್ಟು
ಸೆರಗು ಸಿಕ್ಕಿಸಿ ರಸ್ತೆಗೆ ಹೋಗಿ ನಿಂತಳು.
ಬೈಕು ದೀಪ ಹಾಕಿಕೊಂಡು ಹೋಯಿತು.
ನಂಬರು ಸ್ಟೇಷನ್ನಿನಲ್ಲಿ ಬರೆಸಿದ್ದೇನೆ.
ಬರೆದುಕೊಂಡಿದ್ದಾರೆ, ಅಷ್ಟು ಗೊತ್ತು.

ಅಂದಿನಿಂದ ದಾರಿ ಬದಲು: ಡೇರಿ ಮುಂದೆ ಎರಡು ಸಲ.
ಲೀಟರು ಲೆಕ್ಕದ ನಡುವೆ ಅವರು ನನ್ನನ್ನೂ ಎಣಿಸುತ್ತಾರೆ.
"ಒಂದ್ ಸುತ್ತಾಯ್ತು."
ತಡವಾದರೆ ಯಾರೋ ಒಬ್ಬಳು ನಾಲೆ ಕಡೆ ಮುಖ ಮಾಡಿ
ಹೆಸರು ಹಿಡಿದು ಕೂಗುತ್ತಾಳೆ,
ಮೇಯಲು ಹೋದ ಹಸು ಕರೆದಂತೆ.
ನಾಚಿಕೆಯಾಗುತ್ತದೆ.
"ಬಂದೇ" ಅಂತೀನಿ, ಉಸಿರು ಹಾಳಾದರೂ.

ಮೊನ್ನೆ ಮಂಡ್ಯದ ಕವಾಯತು ಮೈದಾನ,
ಎದೆಗೆ ನಂಬರು, ನಾನೂರು ಮೀಟರು, ಎರಡು ನಿಮಿಷ.
ಸುಣ್ಣದ ಗೆರೆ. ನೀರಿಲ್ಲ, ಕಬ್ಬಿಲ್ಲ.
ಎಲ್ಲರೂ ಎಡಕ್ಕೇ ತಿರುಗುತ್ತಾ ಒಂದೇ ಕಡೆ ಓಡುತ್ತಿದ್ದರು.
ಎದುರಿಗೆ ಏನೂ ಬರುತ್ತಿರಲಿಲ್ಲ.
ಹಿಂದೆ ಮಾತ್ರ ಹೆಜ್ಜೆ, ಹೆಜ್ಜೆ, ಹೆಜ್ಜೆ.

ಮೊದಲ ತಿರುವಿನಲ್ಲಿ, ದೇವರಾಣೆ,
ಪುಕ್ಕಲಾದೆ.
ಎಲ್ಲಿತ್ತೋ ಕಾಲಿಗೆ ಆ ವೇಗ.