ಎರಡನೇ ಗೆರೆ

ಚಿನ್ನ ಕೆಂಪಗಿರುತ್ತದೆ ಅಂದರೆ
ತಾತ ಸೊಣ್ಣಪ್ಪ ನಗುತ್ತಿದ್ದ, ಇದ್ದಿದ್ದರೆ.
ಮೂವತ್ತೊಂದು ವರ್ಷ ಗಣಿಯ ಬಾವಿಗೆ
ಇಳಿದು ಹತ್ತಿದ ಮೇಸ್ತ್ರಿ ಅವನು.
ಬಿಸಿಗಲ್ಲಿನ ವಾಸನೆ ಸಾಯುವ ತನಕ
ಅವನ ಪಂಚೆ ಬಿಟ್ಟು ಹೋಗಲಿಲ್ಲ.

ನನ್ನ ಚಿನ್ನ ಗಾಜಿನ ಸೀಸೆಯಲ್ಲಿದೆ,
ದಾಳಿಂಬೆ ರಸದ ಬಣ್ಣ.
ಕೂದಲಿನ ದಪ್ಪವನ್ನು ಎರಡು ಸಾವಿರ ಪಾಲು ಮಾಡಿ
ಒಂದನ್ನು ಎತ್ತಿಕೊಂಡರೆ ಅದರ ಒಂದು ಕಣ.
ಅಷ್ಟು ಸಣ್ಣದಾದ ಮೇಲೆ
ಚಿನ್ನಕ್ಕೂ ಹಳದಿಯ ಹಂಗಿಲ್ಲ.
ಕೋಲಾರದ ಲ್ಯಾಬಿನಲ್ಲಿ, ಮಧ್ಯಾಹ್ನ ಕರೆಂಟು ಹೋಗುವ ಮುಂಚೆ,
ಆ ಕಣಗಳ ಬೆನ್ನಿಗೆ ಪ್ರತಿಕಾಯ ಕೂರಿಸುವುದು ನನ್ನ ಕೆಲಸ.
ಹಟಮಾರಿಗಳು ಅವು, ಕಡಲೆಕಾಯಿ ಬೀಜವನ್ನು ಬಿಟ್ಟು
ಬೇರೆ ಯಾರ ಗುರುತೂ ಹಿಡಿಯುವುದಿಲ್ಲ.

ಮನೆಯಲ್ಲಿ ಚರಿತ್. ಏಳು ವರ್ಷ.
ಸ್ಕೂಲಿನಲ್ಲಿ ಯಾರೋ ಕೊಟ್ಟ ಅರ್ಧ ಚಿಕ್ಕಿಗೆ
ತುಟಿ ಊದಿ, ಕಣ್ಣು ಮುಚ್ಚಿ,
ತೊಡೆಗೆ ಸೂಜಿ ಬೀಳುವ ತನಕ
ಹಳೇ ಸೈಕಲ್ ಪಂಪಿನ ಹಾಗೆ ಉಸಿರು.
ಚಟ್ನಿ ಅಂದರೇನೇ ಬೀಜ ಅನ್ನುವ ಸೀಮೆಯಲ್ಲಿ
ಹುಟ್ಟಿಬಿಟ್ಟಿದೆ ಮಗು.

ಕ್ರಿಸ್ಮಸ್ಸಿನ ಹಿಂದಿನ ದಿನ, ಆಂಡರ್ಸನ್‌ಪೇಟೆ.
ಪಕ್ಕದ ಮನೆಯ ಸೆಲ್ವಮೇರಿ ತಂದಳು, ನಾವು ಕಜ್ಜಾಯ ಅನ್ನುವ,
ಅವಳು ಅದಿರಸಂ ಅನ್ನುವ ತಟ್ಟೆ.
ಮಗು ಕೈ ಚಾಚಿದ. ನಾನು ತಡೆದೆ.
ಚೂರು ಮುರಿದು, ದ್ರಾವಣದಲ್ಲಿ ಕಿವುಚಿ,
ಅವಳ ಎದುರಿಗೇ ಪಟ್ಟಿ ಅದ್ದಿದೆ.
ಸೆಲ್ವಮೇರಿ ಏನೂ ಅನ್ನಲಿಲ್ಲ.
ಸೆರಗಿಗೆ ಕೈ ಒರೆಸಿಕೊಂಡಳು,
ಒಣಗಿದ್ದ ಕೈಯನ್ನೇ.

ಐದು ನಿಮಿಷ ಬಹಳ ದೊಡ್ಡದು.
ಲೈನ್ ಮನೆಗಳ ಮುಂದೆ ನಮ್ಮ ತಾತ
ಚೊಂಬಿನ ನೀರು ಮುಟ್ಟದೆ ನಿಂತದ್ದನ್ನು
ಅವಳ ಅಜ್ಜಿ ಅವಳಿಗೆ ಹೇಳಿರಬಹುದು.
ಹೇಳದೆಯೂ ಇರಬಹುದು.
ಒಂದೇ ಪಂಜರದಲ್ಲಿ ಇಳಿದವರಿಗೆ
ಮೇಲೆ ಬಂದೊಡನೆ ಬೇರೆ ಬೇರೆ ಬಾಯಾರಿಕೆ.
ಸೈನೈಡ್ ದಿಬ್ಬದ ಧೂಳು ಮಾತ್ರ
ಯಾರ ತಟ್ಟೆಯನ್ನೂ ಕೇಳಿ ಬೀಳಲಿಲ್ಲ.

ಮೊದಲ ಗೆರೆ ಮೂಡಿತು, ಪಟ್ಟಿ ಸರಿಯಿದೆ ಅನ್ನುವ ಗೆರೆ.
ಆಮೇಲೆ, ನೋಡಿದರೆ ಇದೆ, ನೋಡದಿದ್ದರೆ ಇಲ್ಲ ಅನ್ನುವಂತೆ
ಇನ್ನೊಂದು.

"ಬೀಜ ಹಾಕಿಲ್ಲಮ್ಮಾ, ಮಾತಾ ಆಣೆ.
ಅಕ್ಕಿ, ಬೆಲ್ಲ, ಏಲಕ್ಕಿ."
ಎಣ್ಣೆ?
"ಬಂಗಾರಪೇಟೆ ಗಾಣದ್ದು. ಮಗೂಗೆ ಪ್ಯಾಕೆಟ್ ಎಣ್ಣೆ ಬೇಡಾಂತ
ದುಬಾರೀದೇ ತಂದೆ."

ಕಾಸಿ, ಸೋಸಿ, ಸತ್ತ ಎಣ್ಣೆಯಲ್ಲಿ ಅಷ್ಟಾಗಿ ಇಲ್ಲದ್ದು
ಗಾಣದ ಎಣ್ಣೆಯಲ್ಲಿ ಜೀವಂತವಾಗಿತ್ತು.
ಹೇಗೆ ಹೇಳಲಿ ಅವಳಿಗೆ.

ಪಟ್ಟಿಯನ್ನು ಕಿಟಕಿಗೆ ಹಿಡಿದಳು.
"ಈ ಕೆಂಪು ಏನು?"
ಚಿನ್ನ, ಅಂದೆ.
"ಸುಳ್ಳು."
ತಿರುಗಿಸಿ ತಿರುಗಿಸಿ ನೋಡಿದಳು.
"ನಮ್ಮಪ್ಪ ಕೆಮ್ಮಿ ಕೆಮ್ಮಿ ಸತ್ತಿದ್ದು ಇಷ್ಟಕ್ಕಾ?"
ತಟ್ಟೆ ಎತ್ತಿಕೊಂಡು ಹೋದಳು.

ಹೊಸ ವರ್ಷದ ದಿನ ಮತ್ತೆ ಬಂದಳು.
ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ನೇಲ್ ಪಾಲಿಷಿನಲ್ಲಿ
ಚರಿತ್ ಅಂತ, ತ ಸ್ವಲ್ಪ ಸೊಟ್ಟ.
"ಹೊಸ ಬಾಣಲೆ. ಸೂರ್ಯಕಾಂತಿ ಎಣ್ಣೆ.
ನೋಡ್ಕೋ ಬೇಕಾದ್ರೆ."
ಬೇಡ, ನಂಬಿದ್ದೀನಿ, ಅಂದೆ.

ಅವಳು ಹೋದ ಮೇಲೆ ಬಾಗಿಲು ಓರೆ ಮಾಡಿ
ಚೂರು ಮುರಿದೆ.

ಒಂದು ಗೆರೆ.
ಐದು ನಿಮಿಷಕ್ಕೆ ಹತ್ತು ನಿಮಿಷ ಕಾದೆ.
ಒಂದೇ ಗೆರೆ.
ಗೋಡೆಯ ಆಚೆ ಅವಳು ಪಾತ್ರೆ ಉಜ್ಜುವ ಸದ್ದು
ಆಗಿನಿಂದಲೂ ನಿಂತೇ ಇತ್ತು.
"ತಿನ್ನು," ಅಂದೆ ಮಗನಿಗೆ,
ಆಚೆಗೂ ಕೇಳುವಷ್ಟು ಜೋರಾಗಿ.